ಕ್ಸಿಬೊ ಡಿಜಿಟಲ್ ಸೈನೇಜ್: ಪುಶ್ ಮೆಸೇಜ್ ತಲುಪದಿದ್ದಾಗ ಎಲ್ಲಿ ನೋಡಬೇಕು (ದೀರ್ಘ ಬಳಕೆಯ ವಿಮರ್ಶೆ)

ದರ್ಶಿನಿಯ ಮೆನು ಬೋರ್ಡ್ ಮೇಲೆ 'ಖಾರಾಬಾತ್ ಖಾಲಿ' ಅಂತ ಬರಬೇಕಿದ್ದರೆ ಆ ಕ್ಷಣಕ್ಕೇ ಬರಬೇಕು. ಐದು ನಿಮಿಷ ತಡವಾದರೆ ಅಷ್ಟರಲ್ಲಿ ಬಿಲ್ಲಿಂಗ್ ಕೌಂಟರ್‌ನಲ್ಲಿ ತಕರಾರು ಶುರುವಾಗಿರುತ್ತದೆ. ಇಂಥ ಪರದೆಗಳನ್ನು ಒಂದೇ ಕಡೆಯಿಂದ ನಡೆಸುವ ಸಾಫ್ಟ್‌ವೇರ್ ಕ್ಸಿಬೊ. ಅದರಲ್ಲಿ ಈ ತಕ್ಷಣದ ಕೆಲಸ (ಪುಶ್, ಅಂದರೆ ಪರದೆ ಕೇಳುವ ಮೊದಲೇ ಸರ್ವರ್ ತಾನಾಗಿ ಕಳಿಸುವ ಮೆಸೇಜ್) ಎಕ್ಸ್‌ಎಂಆರ್ ಎಂಬ ಪುಟ್ಟ ರಿಲೇ ಸರ್ವಿಸ್‌ನದು. ಇಡೀ ಸಾಫ್ಟ್‌ವೇರ್‌ನಲ್ಲಿ ಜನ ಅತಿ ಹೆಚ್ಚು ಪರದಾಡುವುದೂ ಇದರ ಜೊತೆಗೇ.

ಮೊದಲು ಒಟ್ಟಾರೆ ಅಭಿಪ್ರಾಯ. ಸ್ವಂತ ಸರ್ವರ್ ಮೇಲೆ ವರ್ಷಗಟ್ಟಲೆ ಓಡಿಸಲು ಕ್ಸಿಬೊ ಗಟ್ಟಿಯಾದ ಸಾಫ್ಟ್‌ವೇರ್. ಸಿಎಂಎಸ್ (ಎಲ್ಲವನ್ನೂ ನಿಯಂತ್ರಿಸುವ ಸರ್ವರ್ ಭಾಗ) ಓಪನ್ ಸೋರ್ಸ್, ಪ್ಲೇಯರ್ (ಪರದೆಯ ಕಡೆ ಓಡುವ ಭಾಗ) ವಿಂಡೋಸ್ ಮತ್ತು ಲಿನಕ್ಸ್‌ಗೆ ಉಚಿತ. ಆಂಡ್ರಾಯ್ಡ್‌ಗೆ, ಎಲ್‌ಜಿಯ ವೆಬ್‌ಓಎಸ್‌ಗೆ, ಸ್ಯಾಮ್‌ಸಂಗ್‌ನ ಟೈಜೆನ್‌ಗೆ ಸ್ಕ್ರೀನ್ ಲೆಕ್ಕದಲ್ಲಿ ಲೈಸೆನ್ಸ್ ಕೊಳ್ಳಬೇಕು. ಲೇಔಟ್, ಶೆಡ್ಯೂಲ್, ಡೇಟಾಸೆಟ್ ಬಗ್ಗೆ ದೂರಿಲ್ಲ. ಇಂಟರ್ನೆಟ್ ಹೋದರೂ ಪ್ಲೇಯರ್ ತನ್ನಲ್ಲಿ ಇಳಿಸಿಕೊಂಡದ್ದನ್ನು ಆಡಿಸುತ್ತಲೇ ಇರುತ್ತದೆ. ಕೊರತೆ ಒಂದೇ: ಪುಶ್ ಕೆಟ್ಟರೆ ಸದ್ದಿಲ್ಲದೆ ಕೆಡುತ್ತದೆ.

ಯಾಕೆ ಹಾಗೆ ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಪ್ಲೇಯರ್‌ಗೂ ಸರ್ವರ್‌ಗೂ ನಡುವೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಮಾಮೂಲಿ ವೆಬ್ ದಾರಿ. ಕಲೆಕ್ಷನ್ ಇಂಟರ್ವಲ್ ಪ್ರಕಾರ (ಡೀಫಾಲ್ಟ್ 5 ನಿಮಿಷ) ಪ್ಲೇಯರ್ ತಾನೇ ಬಂದು ಶೆಡ್ಯೂಲ್, ಫೈಲು ಕೇಳಿಕೊಂಡು ಹೋಗುತ್ತದೆ. ಇನ್ನೊಂದು ಎಕ್ಸ್‌ಎಂಆರ್ ದಾರಿ. ಇಲ್ಲಿ ಪ್ಲೇಯರ್ ಸರ್ವರ್‌ನ 9505 ಪೋರ್ಟ್‌ಗೆ ಕನೆಕ್ಷನ್ ಹಿಡಿದು ಕೂತಿರುತ್ತದೆ. ಸಿಎಂಎಸ್ ಹೇಳಬೇಕಾದ್ದನ್ನು ಒಳಗಿನ ಬೇರೊಂದು ಪೋರ್ಟ್‌ನಲ್ಲಿ (ಹಳೆಯ ಆವೃತ್ತಿಗಳಲ್ಲಿ 50001) ರಿಲೇಗೆ ಕೊಡುತ್ತದೆ, ರಿಲೇ ಅದನ್ನು 9505ರಲ್ಲಿ ಹೊರಗೆ ಬಿಡುತ್ತದೆ. 'ಕಲೆಕ್ಟ್ ನೌ', ಸ್ಕ್ರೀನ್‌ಶಾಟ್, ಲೇಔಟ್ ಬದಲಾವಣೆ, ಕಮಾಂಡ್ ಎಲ್ಲ ಹೋಗುವುದು ಹೀಗೇ. ಇದರ ಕೆಳಗಿರುವುದು ಜೀರೋಎಂಕ್ಯೂ ಎಂಬ ಮೆಸೇಜ್ ಲೈಬ್ರರಿಯ ಪಬ್-ಸಬ್, ಅಂದರೆ ರೇಡಿಯೋ ಪ್ರಸಾರದ ಥರ. ಕೇಳುವವರು ಇಲ್ಲದಿದ್ದರೆ ಅದು ಮೆಸೇಜನ್ನು ಎಸೆದುಬಿಡುತ್ತದೆ, ಯಾರಿಗೂ ತಿಳಿಸುವುದಿಲ್ಲ. ಆದ್ದರಿಂದ ಸಿಎಂಎಸ್‌ನಲ್ಲಿ 'ಕಳುಹಿಸಲಾಗಿದೆ' ಅಂತ ಬಂದರೆ ರಿಲೇಗೆ ತಲುಪಿತು ಅಂತಷ್ಟೇ ಅರ್ಥ. ಡಿಸ್‌ಪ್ಲೇ ಪಟ್ಟಿಯಲ್ಲಿ 'ಎಕ್ಸ್‌ಎಂಆರ್ ರಿಜಿಸ್ಟರ್ಡ್' ಮುಂದೆ ಇರುವ ಟಿಕ್ ಕೂಡ, ಆ ಪ್ಲೇಯರ್ ಎಂದೋ ತನ್ನ ಚಾನೆಲ್ ವಿವರ ಕೊಟ್ಟಿದೆ ಎನ್ನುವುದಕ್ಕೆ ಗುರುತು. ಈಗ ಕನೆಕ್ಟ್ ಆಗಿದೆ ಅಂತ ಅಲ್ಲ. ಈ ಟಿಕ್ ನಂಬಿ ದಿನಗಟ್ಟಲೆ ತಲೆಕೆಡಿಸಿಕೊಂಡವರು ಬಹಳ.

ಇದರಿಂದ ಒಂದು ಸುಲಭ ಗುರುತು ಸಿಗುತ್ತದೆ. ಬಟನ್ ಒತ್ತಿದಾಗ ಸಿಎಂಎಸ್ ಎರರ್ ತೋರಿಸಿದರೆ ಬಹುಪಾಲು ದೋಷ ಒಳಗಡೆ: ಪ್ರೈವೇಟ್ ಅಡ್ರೆಸ್ (ಸಿಎಂಎಸ್ ರಿಲೇಯನ್ನು ತಲುಪುವ ವಿಳಾಸ) ತಪ್ಪಿದೆ ಅಥವಾ ರಿಲೇ ಓಡುವ ಎಕ್ಸ್‌ಎಂಆರ್ ಕಂಟೈನರ್ ನಿಂತಿದೆ. ಡಾಕರ್ ಇನ್‌ಸ್ಟಾಲ್‌ನಲ್ಲಿ ಆ ಕಂಟೈನರ್‌ನ ಲಾಗ್ ನೋಡಿ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎರರ್ ಏನೂ ಇಲ್ಲದೆ ಸ್ಕ್ರೀನ್ ಮಾತ್ರ ಬದಲಾಗದಿದ್ದರೆ ದೋಷ ಹೊರಗಡೆ. ಆಗ ಸರ್ವರ್ ಮುಂದೆ ಕೂರುವುದು ಬಿಟ್ಟು ಪ್ಲೇಯರ್ ಹತ್ತಿರ ಹೋಗಬೇಕು.

ವಿಂಡೋಸ್ ಪ್ಲೇಯರ್‌ನಲ್ಲಿ 'ಐ' ಕೀ ಒತ್ತಿದರೆ ಸ್ಟೇಟಸ್ ವಿಂಡೋ ತೆರೆಯುತ್ತದೆ. ಅಲ್ಲಿ ಎಕ್ಸ್‌ಎಂಆರ್ ಸಾಲು ಓದಿ. ಆಮೇಲೆ ಅದೇ ಮೆಷಿನ್‌ನಿಂದ ಸರ್ವರ್‌ನ 9505ಕ್ಕೆ ಟೆಲ್ನೆಟ್ (ಪೋರ್ಟ್‌ಗೆ ನೇರವಾಗಿ ಕನೆಕ್ಟ್ ಆಗುವ ಕಮಾಂಡ್) ಮಾಡಿ. ನಿಮ್ಮ ಲ್ಯಾಪ್‌ಟಾಪ್‌ನಿಂದ ಮಾಡಿದರೆ ಪ್ರಯೋಜನವಿಲ್ಲ, ಅದೇ ಅಂಗಡಿಯ ಅದೇ ನೆಟ್‌ವರ್ಕ್‌ನಿಂದಲೇ ಆಗಬೇಕು. ಕನೆಕ್ಟ್ ಆದ ಕೂಡಲೇ ನೀವೇನೂ ಟೈಪ್ ಮಾಡದೆಯೇ ಅರ್ಥವಾಗದ ಒಂದೆರಡು ಅಕ್ಷರ ಬಿದ್ದರೆ ಸರಿಯಾಗಿದೆ, ಅದು ಜೀರೋಎಂಕ್ಯೂನ ನಮಸ್ಕಾರ. ಕನೆಕ್ಟ್ ಆಗಿಯೂ ಪರದೆ ಖಾಲಿ ಉಳಿದರೆ ನಡುವೆ ಯಾವುದೋ ಫೈರ್‌ವಾಲ್ ತಾನೇ ಕನೆಕ್ಷನ್ ಎತ್ತಿಕೊಂಡು ಸುಮ್ಮನಿದೆ ಎಂದು ಅನುಮಾನಿಸಿ. ಬರೀ 'ಪೋರ್ಟ್ ಓಪನ್' ಅಂತ ಹೇಳುವ ಟೂಲ್‌ಗಳು ಈ ಎರಡರ ವ್ಯತ್ಯಾಸ ತೋರಿಸುವುದಿಲ್ಲ.

ಬೆಂಗಳೂರಿನ ಮಾಲ್‌ಗಳಲ್ಲಿ, ಟೆಕ್ ಪಾರ್ಕ್‌ಗಳ ಫುಡ್ ಕೋರ್ಟ್‌ಗಳಲ್ಲಿ ಕಟ್ಟಡದವರ ವೈಫೈ ಬಳಸುವಾಗ ಇದು ಮಾಮೂಲು. ವೆಬ್‌ಗೆ ಬೇಕಾದ 80, 443 ಬಿಟ್ಟು ಹೊರಹೋಗುವ ಉಳಿದ ಪೋರ್ಟ್‌ಗಳು ಅಲ್ಲಿ ಬಂದ್. ಐಟಿಯವರನ್ನು ಕೇಳುವಾಗ 'ಪೋರ್ಟ್ ಓಪನ್ ಮಾಡಿ' ಅನ್ನಬೇಡಿ, ಒಳಬರುವ ಪೋರ್ಟ್ ಅಂದುಕೊಂಡು ಗಾಬರಿಯಾಗುತ್ತಾರೆ. 'ಈ ಒಂದು ಐಪಿಗೆ ಟಿಸಿಪಿ 9505, ಔಟ್‌ಬೌಂಡ್ ಮಾತ್ರ' ಎಂದು ಬರೆದುಕೊಡಿ. ಪ್ಲೇಯರ್ ಕಡೆಯ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಬೇಕೇ ಇಲ್ಲ.

ಸರ್ವರ್ ಕಡೆ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಡೊಮೇನನ್ನು ಕ್ಲೌಡ್‌ಫ್ಲೇರ್ ಪ್ರಾಕ್ಸಿ ಹಿಂದೆ ಇಟ್ಟು ಅದೇ ಹೆಸರನ್ನು ಎಕ್ಸ್‌ಎಂಆರ್‌ನ ಪಬ್ಲಿಕ್ ಅಡ್ರೆಸ್‌ಗೂ (ಪ್ಲೇಯರ್ ರಿಲೇಯನ್ನು ತಲುಪುವ ವಿಳಾಸ) ಕೊಡುವುದು ಒಂದು. ಆ ಪ್ರಾಕ್ಸಿ 9505ನ್ನು ದಾಟಿಸುವುದಿಲ್ಲ. ಪ್ರಾಕ್ಸಿ ಇಲ್ಲದ ಬೇರೆ ಸಬ್‌ಡೊಮೇನ್ ಮಾಡಿ. ಎರಡನೆಯದು, ಸರ್ವರ್ ಬದಲಿಸಿದಾಗ ಮುಖ್ಯ ಸೆಟ್ಟಿಂಗ್ಸ್‌ನಲ್ಲಿ ವಿಳಾಸ ತಿದ್ದಿ ಡಿಸ್‌ಪ್ಲೇ ಪ್ರೊಫೈಲ್‌ನಲ್ಲಿ ಹಳೆಯದನ್ನೇ ಬಿಡುವುದು. ಪ್ರೊಫೈಲ್‌ನಲ್ಲಿ ಇದ್ದದ್ದೇ ಗೆಲ್ಲುತ್ತದೆ.

ಕನೆಕ್ಷನ್ ಸರಿಯಿದ್ದೂ ಕೆಲಸ ಆಗದಿದ್ದರೆ ಗಡಿಯಾರ ನೋಡಿ. ಪ್ರತಿ ಮೆಸೇಜ್‌ಗೂ ಹೊರಟ ಸಮಯ ಮತ್ತು ಆಯುಷ್ಯ ಅಂಟಿರುತ್ತದೆ. ಪ್ಲೇಯರ್‌ನ ಸಮಯ ಕೆಲವು ನಿಮಿಷ ಮುಂದಿದ್ದರೂ ಸಾಕು, ಅವಧಿ ಮುಗಿದಿದೆ ಎಂದು ಎಸೆದುಬಿಡಬಹುದು. ಎಚ್‌ಟಿಟಿಪಿಎಸ್‌ಗೆ ಅಷ್ಟು ವ್ಯತ್ಯಾಸ ತೊಂದರೆಯಲ್ಲ, ಹಾಗಾಗಿ ಫೈಲುಗಳೆಲ್ಲ ಸರಿಯಾಗಿ ಇಳಿಯುತ್ತವೆ, ಪುಶ್ ಮಾತ್ರ ಸತ್ತಿರುತ್ತದೆ. ಪದೇ ಪದೇ ಕರೆಂಟ್ ಹೋಗುವ ಕಡೆ ಹಳೆಯ ಮಿನಿ ಪಿಸಿ ಇದ್ದರೆ ಒಳಗೆ ಗಡಿಯಾರ ಓಡಿಸುವ ಸಿಮಾಸ್ ಬ್ಯಾಟರಿ ಬದಲಿಸಿ. ಸಾಮಾನ್ಯವಾಗಿ ಅದು ಸಿಆರ್2032, ಎಸ್‌ಪಿ ರೋಡ್‌ನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ವೈರ್ ಇರುವ ಬ್ಯಾಟರಿ ಬರುತ್ತದೆ, ಬಿಚ್ಚಿ ನೋಡಿಯೇ ಕೊಳ್ಳಿ. ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಸಿಂಕ್ ಆನ್ ಇದೆಯೇ ಎಂದೂ ಖಚಿತಪಡಿಸಿಕೊಳ್ಳಿ. ಎನ್‌ಟಿಪಿಗೆ ಬೇಕಾದ ಯುಡಿಪಿ 123ನ್ನೂ ಅದೇ ಫೈರ್‌ವಾಲ್ ತಡೆದಿರುವುದುಂಟು.

ಪ್ಲೇಯರ್ ಮರು ಇನ್‌ಸ್ಟಾಲ್ ಮಾಡಿದ ಮೇಲೆ ಪುಶ್ ನಿಂತರೆ ಎನ್‌ಕ್ರಿಪ್ಷನ್ ಕೀ ಹೊಂದುತ್ತಿಲ್ಲ ಎಂದು ಅನುಮಾನಿಸಿ. ಮೆಸೇಜ್ ಆ ಪ್ಲೇಯರ್‌ನ ಪಬ್ಲಿಕ್ ಕೀಯಿಂದ ಎನ್‌ಕ್ರಿಪ್ಟ್ ಆಗಿ ಬರುತ್ತದೆ. ಸಿಎಂಎಸ್ ಬಳಿ ಹಳೆಯ ಕೀ ಇದ್ದರೆ ಪ್ಲೇಯರ್‌ಗೆ ಅದನ್ನು ಬಿಚ್ಚಲಾಗದು. ಡಿಸ್‌ಪ್ಲೇ ಎಡಿಟ್ ಫಾರ್ಮ್‌ನ 'ರೀಕಾನ್ಫಿಗರ್ ಎಕ್ಸ್‌ಎಂಆರ್' ಟಿಕ್ ಮಾಡಿ ಸೇವ್ ಮಾಡಿ, ಪ್ಲೇಯರ್ ರೀಸ್ಟಾರ್ಟ್ ಮಾಡಿ, ಒಂದು ಕಲೆಕ್ಷನ್ ಮುಗಿಯುವವರೆಗೆ ಕಾಯಿರಿ.

ಇತ್ತೀಚಿನ ಆವೃತ್ತಿಗಳಲ್ಲಿ ಇದೇ ಮೆಸೇಜ್‌ಗಳು ವೆಬ್‌ಸಾಕೆಟ್ (ವೆಬ್ ದಾರಿಯಲ್ಲೇ ತೆರೆದಿಡುವ ಕನೆಕ್ಷನ್) ಮೂಲಕ 443ರಲ್ಲೇ ಹೋಗಬಲ್ಲವು. ಹೊಸದಾಗಿ ಹಾಕುವವರು ಇದನ್ನೇ ಆರಿಸಿ, ಮಾಲ್ ವೈಫೈ ಗೋಳು ಬಹುಪಾಲು ತಪ್ಪುತ್ತದೆ. ಸಿಎಂಎಸ್, ಪ್ಲೇಯರ್ ಎರಡೂ ಹೊಸದಿರಬೇಕು, ಸಿಎಂಎಸ್ ಮುಂದೆ ಎಂಜಿನ್‌ಎಕ್ಸ್ (nginx) ವೆಬ್ ಸರ್ವರ್ ಇದ್ದರೆ ಅದರಲ್ಲಿ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ಒಳಗೆ ದಾಟಿಸಬೇಕು. ಹಳೆಯ ಪ್ಲೇಯರ್ ಒಂದೇ ಒಂದು ಉಳಿದಿದ್ದರೂ 9505 ಮುಚ್ಚಬೇಡಿ. ಮೆನು ಬೋರ್ಡ್‌ಗಳಿಗೆ ಕಲೆಕ್ಷನ್ ಇಂಟರ್ವಲ್ 1 ನಿಮಿಷಕ್ಕೆ ಇಳಿಸಿಡಿ. ಪುಶ್ ಕೈಕೊಟ್ಟ ದಿನವೂ ಬೋರ್ಡ್ ಒಂದು ನಿಮಿಷದ ಆಸುಪಾಸಿನಲ್ಲಿ ಬದಲಾಗುತ್ತದೆ.