ಮಲೆನಾಡಿನ ಮಳೆಗಾಲದಲ್ಲಿ ಸಕ್ರಿಯ ಬ್ಯಾಲೆನ್ಸರ್: ಮನೆಯಲ್ಲೇ ಕಟ್ಟಿದ ಲಿಥಿಯಂ ಬ್ಯಾಟರಿಯ ದೀರ್ಘ ಬಳಕೆಯ ವಿಮರ್ಶೆ

ಶಿರಸಿ ತಾಲೂಕಿನ ನಮ್ಮ ತೋಟದ ಮನೆಯಲ್ಲಿ 24 ವೋಲ್ಟ್‌ನ ಸೌರ ಇನ್ವರ್ಟರಿಗೆ ಜೋಡಿಸಿರುವ ಬ್ಯಾಟರಿಯನ್ನು ನಾನೇ ಕಟ್ಟಿದ್ದೇನೆ. ಅದರಲ್ಲಿರುವುದು ತಲಾ 3.2 ವೋಲ್ಟ್, 280 ಆಂಪಿಯರ್-ಅವರ್ ಸಾಮರ್ಥ್ಯದ ಎಂಟು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಮತ್ತು ಅವುಗಳನ್ನು ಕಾಯಲು 2 ಆಂಪಿಯರ್‌ನ ಸಕ್ರಿಯ ಬ್ಯಾಲೆನ್ಸರ್ (ಸೆಲ್‌ಗಳ ಚಾರ್ಜನ್ನು ಸಮಗೊಳಿಸುವ ಭಾಗ) ಉಳ್ಳ ಜೆಕೆ ಬ್ರ್ಯಾಂಡಿನ ಬಿಎಂಎಸ್, ಅಂದರೆ ಬ್ಯಾಟರಿ ನಿರ್ವಹಣಾ ಸಾಧನ. ಒಟ್ಟು ಸಂಗ್ರಹ ಸುಮಾರು 7 ಯೂನಿಟ್. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಒಂದೆರಡು ದಿನ ವಿದ್ಯುತ್ತಿಲ್ಲದೆ ಕಳೆಯಬೇಕಾದ ನಮ್ಮಂಥ ಊರುಗಳಲ್ಲಿ ಈ ಸಂಗ್ರಹದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಹಲವು ಮಳೆಗಾಲಗಳನ್ನು ಇದರೊಂದಿಗೆ ಕಳೆದ ಮೇಲೆ, ಮುಖ್ಯವಾಗಿ ಬ್ಯಾಲೆನ್ಸರಿನ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಸರಣಿಯಲ್ಲಿ ಜೋಡಿಸಿದ ಸೆಲ್‌ಗಳ ಪೈಕಿ ಯಾವುದಾದರೂ ಒಂದು 3.65 ವೋಲ್ಟ್ ಮುಟ್ಟಿತೆಂದರೆ, ಉಳಿದ ಏಳು ಇನ್ನೂ ತುಂಬಿರದಿದ್ದರೂ ಬಿಎಂಎಸ್ ಚಾರ್ಜನ್ನು ಕಡಿದುಬಿಡುತ್ತದೆ. ಅಗ್ಗದ ಬಿಎಂಎಸ್‌ಗಳು ಹೆಚ್ಚು ತುಂಬಿದ ಸೆಲ್‌ನ ವಿದ್ಯುತ್ತನ್ನು ಸಣ್ಣ ರೋಧಕದಲ್ಲಿ ಶಾಖವಾಗಿ ಕಳೆಯುತ್ತವೆ. ಅವುಗಳ ಸಮತೋಲನ ಪ್ರವಾಹ ಸಾಮಾನ್ಯವಾಗಿ 100 ಮಿಲಿಆಂಪಿಯರಿನ ಆಸುಪಾಸಿನಲ್ಲಿರುತ್ತದೆ. 280 ಆಂಪಿಯರ್-ಅವರ್ ಸೆಲ್‌ನಲ್ಲಿ ಶೇಕಡಾ 1ರಷ್ಟು ವ್ಯತ್ಯಾಸವೆಂದರೆ 2.8 ಆಂಪಿಯರ್-ಅವರ್, ಅದನ್ನು 100 ಮಿಲಿಆಂಪಿಯರಿನಲ್ಲಿ ಇಳಿಸಲು 28 ಗಂಟೆ ಬೇಕು. ಸಕ್ರಿಯ ಬ್ಯಾಲೆನ್ಸರ್ ಹೆಚ್ಚು ತುಂಬಿದ ಸೆಲ್‌ನಿಂದ ತೆಗೆದು ಕಡಿಮೆ ಇರುವ ಸೆಲ್‌ಗೆ ಕೊಡುತ್ತದೆ. ಆದ್ದರಿಂದ 2 ಆಂಪಿಯರಿನಲ್ಲಿ ಅದೇ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ, ನಷ್ಟವೂ ಕಡಿಮೆ. ಚಳಿಗಾಲದ ಬಿಸಿಲಿನಲ್ಲಿ ನನ್ನ ಸೆಲ್‌ಗಳ ನಡುವಿನ ಅಂತರ, ಪೂರ್ತಿ ಚಾರ್ಜಿನ ಹೊತ್ತಿನಲ್ಲೂ 10 ಮಿಲಿವೋಲ್ಟ್ ಒಳಗೇ ನಿಲ್ಲುತ್ತದೆ. ಇಷ್ಟರ ಮಟ್ಟಿಗೆ ಈ ಸಾಧನದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ.

ಆದರೆ ನಮ್ಮ ಸೀಮೆಯಲ್ಲಿ ಇದನ್ನು ಅಳೆಯಬೇಕಾದದ್ದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ. ಈ ಜಾತಿಯ ಸೆಲ್‌ನ ವೋಲ್ಟೇಜ್, ಚಾರ್ಜಿನ ಬಹುಭಾಗದಲ್ಲಿ 3.2ರಿಂದ 3.35ರ ನಡುವೆ ಬಹುತೇಕ ಸಮತಟ್ಟಾಗಿರುತ್ತದೆ. ಅರ್ಧ ತುಂಬಿದ ಸೆಲ್‌ಗೂ ಮುಕ್ಕಾಲು ತುಂಬಿದ ಸೆಲ್‌ಗೂ ಇರುವ ವ್ಯತ್ಯಾಸ ವೋಲ್ಟೇಜಿನಲ್ಲಿ ಕಾಣುವುದೇ ಇಲ್ಲವೆನ್ನಬಹುದು. ಯಾವ ಸೆಲ್ ಮುಂದಿದೆ, ಯಾವುದು ಹಿಂದಿದೆ ಎಂಬುದು ನಿಜವಾಗಿ ಗೊತ್ತಾಗುವುದು 3.4 ವೋಲ್ಟ್ ದಾಟಿದ ಮೇಲೆ. ಸಮತೋಲನ ಅಲ್ಲಿಂದಲೇ ಆರಂಭವಾಗುವಂತೆ ಹೊಂದಿಸಬೇಕೆನ್ನುವುದು ಈ ಕಾರಣಕ್ಕೆ. ವಾರಗಟ್ಟಲೆ ಮೋಡ ಮುಚ್ಚಿದ್ದಾಗ ಸೌರ ಫಲಕಗಳಿಂದ ಬ್ಯಾಟರಿ ಆ ಮಟ್ಟಕ್ಕೆ ಏರುವುದೇ ಇಲ್ಲ. ಆಗ 2 ಆಂಪಿಯರ್ ಇದ್ದರೂ 5 ಆಂಪಿಯರ್ ಇದ್ದರೂ ಬ್ಯಾಲೆನ್ಸರ್ ಸುಮ್ಮನೆ ಕುಳಿತಿರುತ್ತದೆ. ಅದರ ಜೊತೆಗೆ ಮೊಬೈಲಿನಲ್ಲಿ ತೋರಿಸುವ ಶೇಕಡಾವಾರು ಲೆಕ್ಕವೂ ಜಾರುತ್ತದೆ. ಒಳಗೆ ಬಂದ ಮತ್ತು ಹೊರಗೆ ಹೋದ ಪ್ರವಾಹವನ್ನು ಎಣಿಸಿ ಲೆಕ್ಕವಿಡುವ ಎಲ್ಲ ಸಾಧನಗಳಿಗೂ ಈ ಮಿತಿ ಇದೆ: ಸಣ್ಣಸಣ್ಣ ದೋಷಗಳು ಕೂಡುತ್ತಾ ಹೋಗುತ್ತವೆ, ಒಮ್ಮೆ ಪೂರ್ತಿ ತುಂಬಿದಾಗ ಮಾತ್ರ ಲೆಕ್ಕ ಮತ್ತೆ ಸರಿಹೊಂದುತ್ತದೆ.

ಇದಕ್ಕೆ ನಾನು ಪಾಲಿಸುವ ಕ್ರಮ ಇದು. ಮಳೆಗಾಲದಲ್ಲಿ ಎರಡು ಮೂರು ವಾರಗಳಿಗೊಮ್ಮೆ, ವಿದ್ಯುತ್ ಸರಬರಾಜು ಚೆನ್ನಾಗಿರುವ ದಿನ ನೋಡಿ, ಮನೆಯ ವಿದ್ಯುತ್ತಿನಿಂದಲೇ ಬ್ಯಾಟರಿಯನ್ನು 28 ವೋಲ್ಟಿಗೆ, ಅಂದರೆ ಸೆಲ್‌ಗೆ 3.5ರ ಲೆಕ್ಕದಲ್ಲಿ ಏರಿಸಿ, ಒಂದೆರಡು ಗಂಟೆ ಅಲ್ಲಿಯೇ ಹಿಡಿದಿಡುತ್ತೇನೆ. ಚಾರ್ಜ್ ನಿಂತೊಡನೆ ಸೆಲ್‌ಗಳು ತಾವಾಗಿಯೇ 3.35ರ ಕಡೆಗೆ ಇಳಿದುಬಿಡುವುದರಿಂದ, ಹೀಗೆ ಹಿಡಿದಿಡುವ ಹೊತ್ತೇ ಬ್ಯಾಲೆನ್ಸರಿಗೆ ಸಿಗುವ ನಿಜವಾದ ಕೆಲಸದ ಸಮಯ. ಉಳಿದಂತೆ ಫ್ಲೋಟ್, ಅಂದರೆ ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್, 26.8 ವೋಲ್ಟ್. 29.2ರ ವರೆಗೆ ಏರಿಸಲು ಸೆಲ್ ತಯಾರಕರ ಅನುಮತಿ ಇದ್ದರೂ, ಕೊನೆಯ ಆ ಭಾಗದಲ್ಲಿ ಸಿಗುವ ಹೆಚ್ಚುವರಿ ಸಂಗ್ರಹ ತೀರ ಅಲ್ಪ. ಪ್ರತಿದಿನ ಸೆಲ್‌ಗಳನ್ನು ಅಷ್ಟು ದಣಿಸುವುದರಲ್ಲಿ ಅರ್ಥವಿಲ್ಲ.

ಕಟ್ಟುವಾಗಲೇ ಮಾಡಬೇಕಾದ ಮೇಲ್ಮಟ್ಟದ ಸಮತೋಲನವನ್ನು, ಅಂದರೆ ಎಲ್ಲ ಸೆಲ್‌ಗಳನ್ನೂ ಒಮ್ಮೆ ಒಂದೇ ಪೂರ್ತಿ ಚಾರ್ಜಿನ ಮಟ್ಟಕ್ಕೆ ತರುವ ಕೆಲಸವನ್ನು, ಬ್ಯಾಲೆನ್ಸರಿನ ಮೇಲೆ ಬಿಡಬಾರದು. ಎಂಟು ಸೆಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 2240 ಆಂಪಿಯರ್-ಅವರ್ ಆಗುತ್ತದೆ. 10 ಆಂಪಿಯರಿನ ಬೆಂಚ್ ಸಪ್ಲೈಯಿಂದ (ವೋಲ್ಟೇಜ್ ಹೊಂದಿಸಬಹುದಾದ ವಿದ್ಯುತ್ ಮೂಲ) ಅದನ್ನು ತುಂಬಿಸಲು ದಿನಗಟ್ಟಲೆ ಕಾಯಬೇಕು. ಮೊದಲು ಸರಣಿಯಲ್ಲೇ ಬಿಎಂಎಸ್ ಕಾವಲಿನಲ್ಲಿ ಚಾರ್ಜ್ ಮಾಡಿ, ಒಂದು ಸೆಲ್ 3.6 ಮುಟ್ಟಿದ ಮೇಲೆ ಬಿಚ್ಚಿ ಸಮಾಂತರಕ್ಕೆ ತಂದರೆ ಕೆಲಸ ಬಹಳ ಹಗುರವಾಗುತ್ತದೆ. ಸಪ್ಲೈಯನ್ನು ಸೆಲ್‌ಗೆ ಜೋಡಿಸುವ ಮೊದಲೇ 3.65ಕ್ಕೆ ನಿಲ್ಲಿಸಿಕೊಳ್ಳಬೇಕು, ಪ್ರವಾಹ ಕಡಿಮೆಯಾಯಿತೆಂದು ನಡುವೆ ವೋಲ್ಟೇಜ್ ಏರಿಸಿ ಮರೆತರೆ ಸೆಲ್‌ಗಳು ಉಬ್ಬುತ್ತವೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೈಯ ಉಂಗುರ ಕಳಚಿಟ್ಟು ಕೂರಬೇಕು, ಏಕೆಂದರೆ ಇಷ್ಟು ದೊಡ್ಡ ಸೆಲ್ ಶಾರ್ಟ್ ಆದರೆ ಹರಿಯುವ ಪ್ರವಾಹ ಸಾವಿರಾರು ಆಂಪಿಯರ್.

ಕರಾವಳಿಯವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕುಮಟಾದಲ್ಲಿರುವ ನಮ್ಮ ಭಾವನವರ ಮನೆಯಲ್ಲಿಯೂ ಇಂಥದೇ ಬ್ಯಾಟರಿ ಇದೆ. ಕೊನೆಯ ಸೆಲ್ ಉಳಿದವುಗಳಿಗಿಂತ 60 ಮಿಲಿವೋಲ್ಟ್ ಕೆಳಗೆ ತೋರಿಸುತ್ತಿದೆ, ಬದಲಾಯಿಸಬೇಕಾದೀತೆ ಎಂದು ಅವರು ಕೇಳಿದಾಗ, "ಭಾವ, ಲೋಡ್ ಪೂರ್ತಿ ತೆಗೆದು ನೋಡಿ" ಎಂದೆ. ಲೋಡ್ ತೆಗೆದೊಡನೆ ಅಂತರ ಮಾಯವಾಯಿತು. ಸೆಲ್‌ನಲ್ಲಿ ದೋಷವಿರಲಿಲ್ಲ, ಉಪ್ಪುಗಾಳಿಗೆ ಅಲ್ಯೂಮಿನಿಯಂ ತುದಿಯ ಮೇಲೆ ಬಿಳಿಯ ಪುಡಿ ಕಟ್ಟಿ, ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಯಾದ ಬಸ್‌ಬಾರಿನ ಸಂಪರ್ಕ ಕೆಟ್ಟಿತ್ತು. ಕೇವಲ 1 ಮಿಲಿಓಮ್ ರೋಧ ಹೆಚ್ಚಾದರೂ 50 ಆಂಪಿಯರ್ ಹರಿಯುವಾಗ 50 ಮಿಲಿವೋಲ್ಟ್ ವ್ಯತ್ಯಾಸ ಕಾಣುತ್ತದೆ. ಅದೇ ಸೆಲ್ ಚಾರ್ಜಿನ ವೇಳೆ ಮೇಲೆ ತೋರಿಸುವುದರಿಂದ, ಬ್ಯಾಲೆನ್ಸರ್ ಅದರಿಂದಲೇ ವಿದ್ಯುತ್ತನ್ನು ತೆಗೆದು ಸರಿಯಾಗಿದ್ದ ಬ್ಯಾಟರಿಯನ್ನು ನಿಧಾನವಾಗಿ ಕೆಡಿಸುತ್ತದೆ. ನುಣುಪಾದ ಎಮೆರಿ ಕಾಗದದಿಂದ ಉಜ್ಜಿ, ಆಕ್ಸೈಡ್ ತಡೆಯುವ ಪೇಸ್ಟನ್ನು ತೆಳ್ಳಗೆ ಸವರಿ ಬಿಗಿದ ಮೇಲೆ ಅದು ಸರಿಹೋಯಿತು. ಕಾರವಾರ, ಅಂಕೋಲಾ ಕಡೆಯವರು ಮೃಗಶಿರಾ ಮಳೆಗೆ ಮುಂಚೆ ಪ್ರತಿ ವರ್ಷ ಈ ಪರೀಕ್ಷೆಯನ್ನು ಮಾಡುವುದು ಒಳ್ಳೆಯದು: ಲೋಡ್ ಇದ್ದಾಗ ಒಮ್ಮೆ, ಇಲ್ಲದಿದ್ದಾಗ ಒಮ್ಮೆ ಸೆಲ್‌ಗಳ ವೋಲ್ಟೇಜ್ ಬರೆದುಕೊಂಡರೆ ಸಾಕು.

100 ಆಂಪಿಯರ್-ಅವರ್ ಒಳಗಿನ ಸೆಲ್‌ಗಳನ್ನು ಬಳಸಿ, ಮನೆಯ ವಿದ್ಯುತ್ತಿನಿಂದಲೇ ದಿನವೂ ಪೂರ್ತಿ ಚಾರ್ಜ್ ಮಾಡುವವರಿಗೆ ಸಕ್ರಿಯ ಬ್ಯಾಲೆನ್ಸರಿಗೆ ಹೆಚ್ಚಿನ ಹಣ ಕೊಡಬೇಕೆಂದು ನಾನು ಹೇಳುವುದಿಲ್ಲ. ಅವರ ಕೆಲಸ ಸಾಮಾನ್ಯ ಬಿಎಂಎಸ್‌ನಿಂದ ನಡೆಯುತ್ತದೆ. ದೊಡ್ಡ ಸೆಲ್‌ಗಳನ್ನು ಹಾಕಿ, ಬಿಸಿಲನ್ನೇ ನೆಚ್ಚಿ, ಮಳೆಗಾಲದಲ್ಲಿ ಅಪರೂಪಕ್ಕೆ ಸಿಗುವ ಒಂದೆರಡು ಗಂಟೆಗಳಲ್ಲಿಯೇ ಸಮತೋಲನ ಮುಗಿಸಿಕೊಳ್ಳಬೇಕಾದ ಮಲೆನಾಡಿನ ಮನೆಗಳಿಗೆ ಮಾತ್ರ 2 ಆಂಪಿಯರ್ ಸಾಮರ್ಥ್ಯದ್ದನ್ನೇ ಕೊಳ್ಳಲು ಹೇಳುತ್ತೇನೆ.