ಮಗುವಿಗೆ ಅಂತ ತಂದ ಹ್ಯಾಂಡ್ ಬ್ಲೆಂಡರ್: ಮೂರು ವರ್ಷ ಬಳಸಿದ ಮೇಲೆ

ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಹ್ಯಾಂಡ್ ಬ್ಲೆಂಡರ್ (ಕೈಯಲ್ಲಿ ಹಿಡಿದು ಪಾತ್ರೆಯೊಳಗೇ ಇಳಿಸಿ ಅರೆಯುವ ಕರೆಂಟಿನ ಕೋಲು) ತಗೋಬೇಕಾ ಅಂತ ನನ್ನನ್ನು ಕೇಳುವವರು ಜಾಸ್ತಿ. ಬರೀ ಮಗುವಿನ ಊಟಕ್ಕಾದರೆ ಬೇಡ. ಮನೆಯಲ್ಲಿ ವಾರಕ್ಕೆ ಒಂದೆರಡು ಸಲ ಸೊಪ್ಪು ಬೇಯುತ್ತದೆ ಅಂದರೆ ಧೈರ್ಯವಾಗಿ ತಗೊಳ್ಳಿ. ನಮ್ಮದು ತುಮಕೂರು, ಮುದ್ದೆ ತಿನ್ನುವ ಮನೆ. ಹಾಗಾಗಿ ನನ್ನ ಅಭಿಪ್ರಾಯ ಮಸ್ಸೊಪ್ಪಿನ ಕಡೆಗೇ ವಾಲುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಷ್ಟು ವ್ಯಾಟ್, ಎಷ್ಟು ಸ್ಪೀಡ್ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ. ನಮ್ಮದು 250 ವ್ಯಾಟಿನ ಸಾಧಾರಣ ಮಾಡೆಲ್. ಕೆಳಗಿನ ಸ್ಟೀಲ್ ಕೋಲನ್ನು ತಿರುಗಿಸಿ ಬಿಚ್ಚಬಹುದು. ಜೊತೆಗೆ ಈರುಳ್ಳಿ ಹೆಚ್ಚುವ ಪುಟ್ಟ ಜಾರ್, ಮೊಟ್ಟೆ ಕಡೆಯುವ ತಂತಿ ಬಂದಿದ್ದವು. ಎರಡು ಸಾವಿರ ರೂಪಾಯಿ ದಾಟಬಾರದು ಅನ್ನೋದು ನಮ್ಮ ಲೆಕ್ಕ. ಅದರೊಳಗೇ ಸಿಕ್ಕಿತು.

ಮಗುವಿನ ಊಟಕ್ಕೆ ಯಾಕೆ ಬೇಡ ಅಂದೆ ಅಂತ ಹೇಳ್ತೀನಿ. ನಮ್ಮಲ್ಲಿ ಕೂಸಿಗೆ ಮೊದಲು ಕೊಡುವುದು ರಾಗಿ ಸರಿ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಡಿಸಿದ ಹಿಟ್ಟು ಅದು. ತಣ್ಣೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಗಂಟೇ ಆಗುವುದಿಲ್ಲ. ಬೇಳೆ ಅನ್ನವನ್ನು ಮೆತ್ತಗೆ ಬೇಯಿಸಿ ತುಪ್ಪ ಹಾಕಿ ಬೆರಳಲ್ಲೇ ಕಿವುಚಬಹುದು. ಬಾಳೆಹಣ್ಣಿಗೆ ಚಮಚ ಸಾಕು. ಉಳಿಯುವುದು ಕ್ಯಾರೆಟ್, ಬೀನ್ಸ್, ಸೊಪ್ಪು. ಅಲ್ಲಿ ಬ್ಲೆಂಡರ್ ನಿಜವಾಗಿ ಉಪಯೋಗಕ್ಕೆ ಬಂತು. ಅರ್ಧ ಬಟ್ಟಲು ಬೇಯಿಸಿದ ತರಕಾರಿಯನ್ನು ಮಿಕ್ಸಿ ಜಾರಿಗೆ ಹಾಕಿದರೆ ಎಲ್ಲ ಪಕ್ಕಕ್ಕೆ ಹಾರಿ ಅಂಟಿಕೊಳ್ಳುತ್ತದೆ, ಬ್ಲೇಡಿಗೆ ಸಿಗುವುದೇ ಇಲ್ಲ. ಉದ್ದನೆಯ ಸ್ಟೀಲ್ ಲೋಟಕ್ಕೆ ಹಾಕಿ ಬ್ಲೆಂಡರ್ ಇಳಿಸಿದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ನುಣ್ಣಗಾಗುತ್ತದೆ. ಶಬ್ದವೂ ನಮ್ಮ ಮಿಕ್ಸಿಗಿಂತ ಕಡಿಮೆ. ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಏಳುತ್ತಿರಲಿಲ್ಲ. ಹಸುಗೂಸು ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಆದರೆ ಆ ಕಾಲ ಬೇಗ ಮುಗಿಯುತ್ತದೆ. ಆರು ತಿಂಗಳಿಗೆ ಮೆತ್ತಗೆ ಮಸೆದ ಊಟ, ಎಂಟು ತಿಂಗಳ ಹೊತ್ತಿಗೆ ಕೈಯಲ್ಲಿ ಹಿಡಿದು ತಿನ್ನುವಂಥ ಮೆತ್ತನೆ ತುಂಡು, ವರ್ಷ ತುಂಬುವಷ್ಟರಲ್ಲಿ ಮನೆಯವರೆಲ್ಲ ತಿನ್ನುವ ಊಟ. ಇದೇ ಕ್ರಮ. ಒಂಬತ್ತು ತಿಂಗಳಿಗೆ ಎಂಆರ್ (ದಡಾರ, ರುಬೆಲ್ಲಾ) ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಅಗಿಯೋದು ಕಲೀತಾ ಇದಾಳಾ?' ಹಲ್ಲು ಪೂರಾ ಬರಲಿ ಅಂತ ಕಾಯಬೇಡಿ, ವಸಡಿನಲ್ಲೇ ಅಗಿಯುತ್ತವೆ, ಎಲ್ಲವನ್ನೂ ನುಣ್ಣಗೆ ಮಾಡಿ ನುಂಗಿಸಿದರೆ ಆಮೇಲೆ ತುಂಡು ಕಂಡರೆ ಉಗುಳುತ್ತವೆ ಅಂದರು. ಹಾಗೆ ನೋಡಿದರೆ ಕೂಸಿನ ಹೆಸರಲ್ಲಿ ಕೊಂಡ ಬ್ಲೆಂಡರಿಗೆ ಕೂಸಿನ ಊಟದ ಕೆಲಸ ಎರಡು ಮೂರು ತಿಂಗಳು ಮಾತ್ರ.

ಅದಾದ ಮೇಲೆ ನಮ್ಮದು ಈರುಳ್ಳಿ ಹೆಚ್ಚುವ ಕೆಲಸಕ್ಕೆ ಇಳಿಯಿತು. ಅಲ್ಲೇ ನನಗೆ ಬೇಜಾರಾಗಿದ್ದು. ಹೆಚ್ಚುವ ಜಾರಿನ ಮುಚ್ಚಳದೊಳಗೆ ಮೋಟರಿನ ಶಕ್ತಿಯನ್ನು ಬ್ಲೇಡಿಗೆ ದಾಟಿಸುವ ಒಂದು ಪ್ಲಾಸ್ಟಿಕ್ ಹಲ್ಲುಚಕ್ರ ಇದೆ. ಗಟ್ಟಿ ಪದಾರ್ಥ ಏನೂ ಹಾಕದೆ, ಬರೀ ಈರುಳ್ಳಿ ಟೊಮೆಟೊಗೆ ಬಳಸಿದರೂ ಅದರ ಹಲ್ಲು ಸವೆದುಹೋಯಿತು. ಮೋಟರ್ ತಿರುಗುತ್ತದೆ, ಬ್ಲೇಡ್ ನಿಂತಲ್ಲೇ ನಿಲ್ಲುತ್ತದೆ. ಸರ್ವಿಸ್ ಸೆಂಟರಿಗೆ ಒಯ್ದರೆ, ವಾರಂಟಿ ಇರುವುದು ಮೋಟರಿಗೆ ಮಾತ್ರ, ಈ ಮುಚ್ಚಳ ಬಿಡಿಯಾಗಿ ಬರುವುದಿಲ್ಲ, ಹೊಸ ಸೆಟ್ಟೇ ತಗೊಳ್ಳಿ ಅಂದರು. ಇಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಚಕ್ರಕ್ಕಾಗಿ ಸಾವಿರಾರು ರೂಪಾಯಿಯ ಹೊಸ ಸೆಟ್ಟು! ನಮ್ಮಂಥ ಊರಲ್ಲಿ ಮಿಕ್ಸಿ ಜಾರಿನ ವಾಷರ್, ಕಪ್ಲರ್, ಬುಷ್ ಯಾವ ಪಾತ್ರೆ ಅಂಗಡಿಯಲ್ಲಾದರೂ ಸಿಗುತ್ತದೆ. ಹ್ಯಾಂಡ್ ಬ್ಲೆಂಡರಿನ ಬಿಡಿಭಾಗ ಯಾರ ಹತ್ತಿರವೂ ಇಲ್ಲ. ಜಾರು, ತಂತಿ, ಅದು ಇದು ಅಂತ ನಾಲ್ಕು ಸಾಮಾನು ಸೇರಿಸಿ ಮಾರುವ ಸೆಟ್ಟಿಗೆ ಹೆಚ್ಚಿನ ದುಡ್ಡು ಕೊಡಬೇಡಿ. ಬರೀ ಕೋಲು ಇರುವುದನ್ನು ತಗೊಳ್ಳಿ.

ಆ ಸಿಟ್ಟಿನಲ್ಲಿ ಅದನ್ನು ಮೇಲಿನ ಶೆಲ್ಫಿಗೆ ಏರಿಸಿದ್ದೆ. ಕೆಳಗೆ ಇಳಿಸಿದ್ದು ಮಗಳಿಗೆ ಪಾಟಿ (ಸುಸ್ಸು, ಕಕ್ಕಕ್ಕೆ ಕೂರಿಸುವ ಮಕ್ಕಳ ಪುಟ್ಟ ಕಮೋಡು) ಅಭ್ಯಾಸ ಮಾಡಿಸುವಾಗ. ಎರಡಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ.

ನಮ್ಮತ್ತೆ ಹಳೇ ಪದ್ಧತಿಯವರು. ಕಾಲು ಚಾಚಿ ಕೂತು, ಎರಡು ಪಾದದ ಮಧ್ಯೆ ಕೂಸನ್ನು ಕೂರಿಸಿಕೊಂಡು 'ಶ್ಶ್ಶ್' ಅಂದರೆ ಸುಸ್ಸು ಮಾಡುತ್ತಿತ್ತು. ಹಾಗಾಗಿ ಡೈಪರ್ ಖರ್ಚು ನಮಗೆ ಜಾಸ್ತಿ ಬರಲಿಲ್ಲ. ಎರಡು ವರ್ಷದ ಹತ್ತಿರ ಬಂದಾಗ, ಒಂದೆರಡು ಗಂಟೆ ಚಡ್ಡಿ ಒಣಗಿರುವುದು, ಬರುತ್ತೆ ಅಂತ ಮೊದಲೇ ಹೇಳುವುದು, ತಾನೇ ಚಡ್ಡಿ ಜಾರಿಸುವುದು ಎಲ್ಲ ಶುರುವಾಯಿತು. ಪುಟ್ಟ ಪ್ಲಾಸ್ಟಿಕ್ ಪಾಟಿ ತಂದೆವು. ಸುಸ್ಸು ಬೇಗ ಹಿಡಿಯಿತು. ಕಕ್ಕ ಮಾತ್ರ ಹಿಡಿಯಲಿಲ್ಲ. ಒಂದು ಸಲ ಗಟ್ಟಿಯಾಗಿ ನೋವಾಗಿದ್ದೇ ಸಾಕಾಯಿತು. ಪಾಟಿ ಕಂಡರೆ ಪರದೆ ಹಿಂದೆ ಹೋಗಿ, ಕಾಲು ಕತ್ತರಿ ಹಾಕಿ, ಮುಖ ಕೆಂಪು ಮಾಡಿಕೊಂಡು ಬಿಗಿಹಿಡಿಯುತ್ತಿದ್ದಳು. ನೋಡಿದವರಿಗೆ ಮುಕ್ಕುತ್ತಿದ್ದಾಳೆ ಅನ್ನಿಸುತ್ತದೆ. ನಿಜಕ್ಕೂ ಅವಳು ತಡೆಹಿಡಿಯುತ್ತಿದ್ದಳು.

ಡಾಕ್ಟರು ವಿವರಿಸಿದ್ದು ಇದು: ತಡೆದಷ್ಟೂ ಕರುಳು ನೀರು ಹೀರಿಕೊಳ್ಳುತ್ತದೆ, ಇನ್ನೂ ಗಟ್ಟಿಯಾಗುತ್ತದೆ, ಇನ್ನೂ ನೋವು, ಇನ್ನೂ ಹೆದರಿಕೆ. ಮೊದಲು ಹೊಟ್ಟೆ ಸರಿಮಾಡಿ, ಅಲ್ಲಿಯವರೆಗೆ ಪಾಟಿ ಮೇಲೆ ಕೂರು ಅಂತ ಬಲವಂತ ಬೇಡ, ಬೈಯೋದು ಅಂತೂ ಬೇಡವೇ ಬೇಡ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಹಾಲಲ್ಲೇ ಹೊಟ್ಟೆ ತುಂಬಿದರೆ ಸೊಪ್ಪು, ಹಣ್ಣು ಒಳಗೆ ಹೋಗುವುದಿಲ್ಲ. ಅತ್ತೆ ಹೇಳಿದ ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚುವ ಮದ್ದು, ಸೋಪಿನ ಚೂರು, ಎರಡೂ ಬೇಡ ಅಂದರು. ಅಲ್ಲಿ ಗಾಯ ಆಗುತ್ತದೆ, ಹೆದರಿಕೆ ಇನ್ನೂ ಕೂರುತ್ತದೆ. ಮೆತ್ತಗಾಗಲು ಒಂದು ಸಿರಪ್ ಬರೆದುಕೊಟ್ಟರು. ನಿಮ್ಮ ಮಗುವಿಗೂ ಹೀಗಾದರೆ ಸಿರಪ್ ವಿಷಯ ಡಾಕ್ಟರನ್ನೇ ಕೇಳಿ. ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ವಾಂತಿ ಆದರೆ ಮನೆಮದ್ದು ನೋಡುತ್ತಾ ಕೂರಬೇಡಿ.

ಈಗ ಮಸ್ಸೊಪ್ಪಿಗೆ ಬರ್ತೀನಿ. ದಂಟಿನ ಎಳೆ ಬಾಯಿಗೆ ಸಿಕ್ಕರೆ ಮಗಳು ತಟ್ಟೆಯಿಂದಲೇ ಏಳುತ್ತಿದ್ದಳು. ಕಡಗೋಲಿನಲ್ಲಿ ಎಷ್ಟು ಮಸೆದರೂ ಎಳೆ ಉಳಿಯುತ್ತದೆ. ಸೊಪ್ಪು ಅವಳ ಹೊಟ್ಟೆಗೆ ಹೋಗಲು ಬ್ಲೆಂಡರೇ ಬೇಕಾಯಿತು. ಅಗಿಯುವುದಕ್ಕೆ ದೋಸೆ, ರೊಟ್ಟಿ, ಪಲ್ಯ ಇದ್ದೇ ಇದ್ದವು, ಹಾಗಾಗಿ ಸಾರು ನುಣ್ಣಗಿದ್ದರೆ ತೊಂದರೆ ಇಲ್ಲ. ನಾರು ಎಲ್ಲೂ ಹೋಗುವುದಿಲ್ಲ, ಸಣ್ಣಗಾಗುತ್ತದೆ ಅಷ್ಟೆ. ಸೋಸಿದರೆ ಮಾತ್ರ ಹೋಗುತ್ತದೆ.

ಮಾಡುವ ರೀತಿ ಹೀಗೆ. ತೊಗರಿಬೇಳೆ, ಬೆರಕೆ ಸೊಪ್ಪು, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಚೂರು ಹುಣಸೆಹಣ್ಣು. ಎಲ್ಲವನ್ನೂ ಕುಕ್ಕರಿನೊಳಗಿನ ಸ್ಟೀಲ್ ಪಾತ್ರೆಯಲ್ಲಿ ಬೇಯಿಸುತ್ತೇನೆ. ಖಾರ ಮಗುವಿಗೆ ತಕ್ಕಷ್ಟೇ. ಮುಚ್ಚಳ ತೆಗೆದು ಆರಲು ಬಿಡುತ್ತೇನೆ, ಬಿಸಿ ಕಟ್ಟು ಕೈಗೆ ಹಾರಿದರೆ ಬೊಬ್ಬೆ ಖಂಡಿತ. ಆಮೇಲೆ ಕಟ್ಟನ್ನು ಬೇರೆ ಬಟ್ಟಲಿಗೆ ಬಸಿಯುತ್ತೇನೆ. ನೀರು ಜಾಸ್ತಿ ಇದ್ದರೆ ಬರೀ ಸಿಡಿಯುತ್ತದೆ, ಬೇಳೆ ನೊರೆ ಏಳುತ್ತದೆ. ಬ್ಲೇಡ್ ಪೂರ್ತಿ ಸೊಪ್ಪಿನೊಳಗೆ ಮುಳುಗಿದ ಮೇಲೆ ಬಟನ್ ಒತ್ತಬೇಕು, ಬಿಟ್ಟು ನಿಂತ ಮೇಲೆ ಮೇಲೆತ್ತಬೇಕು. ಕೋಲನ್ನು ನೇರ ನಿಲ್ಲಿಸಿದರೆ ತಳಕ್ಕೆ ಕಚ್ಚಿಕೊಳ್ಳುತ್ತದೆ, ಸ್ವಲ್ಪ ಓರೆ ಹಿಡಿಯಬೇಕು. ಒತ್ತು, ಬಿಡು. ಒತ್ತು, ಬಿಡು. ಐದಾರು ಸಲ ಅಷ್ಟೆ. ಎಲೆಯ ಹಸಿರು ಚುಕ್ಕೆಗಳು ಬೇಳೆಯಲ್ಲಿ ಇನ್ನೂ ಕಾಣುತ್ತಿರುವಾಗಲೇ ನಿಲ್ಲಿಸಬೇಕು. ಅದಕ್ಕಿಂತ ಮುಂದೆ ಹೋದರೆ ಬಣ್ಣ ಮಂಕಾಗಿ, ರುಚಿಯೂ ಪೇಸ್ಟಿನ ಹಾಗಾಗುತ್ತದೆ. ಆಮೇಲೆ ಬಸಿದ ಕಟ್ಟನ್ನು ಬೇಕಾದಷ್ಟು ಸೇರಿಸಿ, ಉಪ್ಪು ಹಾಕಿ ಒಂದು ಕುದಿ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಮಿಕ್ಸಿ ಜಾರಿಗೆ ತೋಡಿ, ಮತ್ತೆ ಪಾತ್ರೆಗೆ ಸುರಿದು, ಜಾರು ತೊಳೆಯುವ ಗೋಳೇ ಇಲ್ಲ.

ಕಡಗೋಲು ಬಿಟ್ಟು ಬೇರೆ ಮುಟ್ಟದ ಅತ್ತೆ ಈಗ ಸೊಪ್ಪು ಬೆಂದ ತಕ್ಷಣ 'ಆ ಕೋಲು ಕೊಡಮ್ಮ' ಅನ್ನುತ್ತಾರೆ. ಅವರ ಮಣಿಕಟ್ಟು ನೋವಿಗೆ ಇದರಷ್ಟು ಆರಾಮ ಬೇರೆ ಸಿಕ್ಕಿರಲಿಲ್ಲ. ನನಗೆ ಈ ಬ್ಲೆಂಡರಿನ ಮೇಲೆ ಮತ್ತೆ ಪ್ರೀತಿ ಬಂದಿದ್ದೂ ಅದಕ್ಕೇ.

ರಾತ್ರಿ ನೆನೆಸಿದ ಒಣದ್ರಾಕ್ಷಿಯನ್ನು ನೆನೆಸಿದ ನೀರಿನ ಸಮೇತ ಅರೆದು ಬೆಳಗಿನ ರಾಗಿ ಅಂಬಲಿಗೆ ಬೆರೆಸುತ್ತಿದ್ದೆ. ಪರಂಗಿ ಹಣ್ಣನ್ನು ಮಾತ್ರ ಹೋಳು ಮಾಡಿಯೇ ಕೊಟ್ಟೆ. ಹೀಗೆ ಕೆಲವು ವಾರ ನಡೆದ ಮೇಲೆ ಕಕ್ಕ ಮೆತ್ತಗಾಯಿತು, ಹೆದರಿಕೆ ಇಳಿಯಿತು. ಸಿರಪ್ಪು, ಸೊಪ್ಪು, ಕಡಿಮೆ ಹಾಲು, ಎಲ್ಲ ಸೇರಿ ಆಗಿದ್ದು ಅದು. ತಿಂಡಿ ತಿಂದ ಹತ್ತು ಹದಿನೈದು ನಿಮಿಷಕ್ಕೆ ಪಾಟಿ ಮೇಲೆ ಕೂರಿಸುತ್ತಿದ್ದೆವು. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನೇ ಚುರುಕಾಗುತ್ತದೆ. ಐದು ನಿಮಿಷ ಕೂತು ಬರದಿದ್ದರೆ ಎಬ್ಬಿಸುವುದು, ಅಷ್ಟೆ, ಮಾತಿಲ್ಲ.

ಪಾಟಿ ಬಗ್ಗೆಯೂ ಎರಡು ಮಾತು. ಹಾಡು ಹೇಳುವುದು, ಕಾರಿನ ಆಕಾರದ್ದು ಬೇಡ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು. ಆಗ ಮಗುವಿಗೆ ಮುಕ್ಕಲು ಬಲ ಸಿಗುತ್ತದೆ. ಕಮೋಡಿನ ಮೇಲೆ ಇಡುವ ರಿಂಗ್ ತಗೊಂಡರೆ ಕಾಲಿಗೆ ಒಂದು ಮಣೆ ಇಡಲೇಬೇಕು, ಇಲ್ಲದಿದ್ದರೆ ಕಾಲು ನೇತಾಡುತ್ತದೆ. ಬಟ್ಟಲು ಬೇರೆ ತೆಗೆದು ತೊಳೆಯುವಂತಿರಲಿ. ತಳಕ್ಕೆ ರಬ್ಬರ್ ಇರಲಿ, ನಮ್ಮದಕ್ಕೆ ಇಲ್ಲದೆ ಟೈಲ್ಸ್ ಮೇಲೆ ಜಾರುತ್ತಿತ್ತು, ಕೆಳಗೆ ಒದ್ದೆ ಬಟ್ಟೆ ಹಾಸಬೇಕಾಗಿತ್ತು.

ಬ್ಲೆಂಡರ್ ತೊಳೆಯುವುದು ನನಗೆ ದಿನದ ಇಷ್ಟದ ಕೆಲಸ. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಕೋಲು ಮುಳುಗಿಸಿ ಎರಡು ಸಲ ಒತ್ತಿದರೆ ನೀರು ಹಸಿರಾಗುತ್ತದೆ, ಕೋಲು ಹೊಳೆಯುತ್ತದೆ. ದಂಟಿನ ನಾರು ಬ್ಲೇಡಿನ ಬುಡಕ್ಕೆ ದಾರದ ಹಾಗೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸುವ ಮೊದಲು ಪ್ಲಗ್ ಕಿತ್ತು, ಕೋಲು ಬಿಚ್ಚಿ, ಹಳೇ ಟೂತ್ ಬ್ರಷ್ಷಿನಲ್ಲಿ ಉಜ್ಜಿ. ಸ್ವಿಚ್ ಆಫ್ ಮಾಡಿದ್ದೇನೆ ಅಂತ ಬೆರಳು ಹಾಕಬೇಡಿ. ಬಟನ್ ಇರುವುದು ಇನ್ನೊಂದು ಕೈಯೊಳಗೇ, ಒಂದು ಒತ್ತು ಬಿದ್ದರೆ ಬೆರಳು ಹೋಯಿತು. ಮೋಟರ್ ಭಾಗಕ್ಕೆ ಒದ್ದೆ ಬಟ್ಟೆ ಮಾತ್ರ, ನಲ್ಲಿ ಕೆಳಗೆ ಹಿಡಿಯಬೇಡಿ. ಮಗು ಓಡಾಡುವ ಮನೆಯಲ್ಲಿ ವೈರ್ ಅಡುಗೆ ಕಟ್ಟೆಯಿಂದ ಕೆಳಗೆ ಜೋತಾಡಬಾರದು, ಮಗು ಅದನ್ನೇ ಎಳೆಯುತ್ತದೆ.

ಇದರಿಂದ ಆಗದ ಕೆಲಸವೂ ಗೊತ್ತಿರಲಿ. ತೆಂಗಿನಕಾಯಿ ಚಟ್ನಿ ತರಿ ಉಳಿಯುತ್ತದೆ. ದೋಸೆ ಹಿಟ್ಟು, ಒಣ ಮಸಾಲೆ ಕೇಳಲೇಬೇಡಿ. ಆಲೂಗಡ್ಡೆಗೆ ಹಾಕಿದರೆ ಅಂಟು ಅಂಟಾಗುತ್ತದೆ. ಮೂವತ್ತು ನಲವತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮನೆ ಓಡಿಸಿದರೆ ಹಿಡಿ ಬಿಸಿಯಾಗುತ್ತದೆ, ತಡೆದು ತಡೆದು ಓಡಿಸಬೇಕು. ಮಿಕ್ಸಿ ಬದಲು ಇದು ಅಲ್ಲ. ಮಜ್ಜಿಗೆಗೆ, ಟೊಮೆಟೊ ಸಾರಿಗೆ, ಬಸ್ಸಾರಿನ ಕಾಳನ್ನು ಅರೆಬರೆ ಮಸೆಯುವುದಕ್ಕೆ ಮಾತ್ರ ಬಲು ಚೆನ್ನ.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ, ಅಲ್ಲಿ ಕುಕ್ಕರಗಾಲಿನಲ್ಲಿ ಕೂರುವುದನ್ನು ತಾನೇ ಕಲಿತಳು. ರಾತ್ರಿ ಒಮ್ಮೊಮ್ಮೆ ಹಾಸಿಗೆ ಒದ್ದೆಯಾಗುತ್ತದೆ, ಐದು ವರ್ಷದವರೆಗೆ ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಪಾಟಿಯನ್ನು ನಾದಿನಿ ಮನೆಗೆ ಕೊಟ್ಟೆ. ಬ್ಲೆಂಡರಿನ ಮೋಟರ್ ಇನ್ನೂ ಗಟ್ಟಿಯಾಗಿದೆ, ಬ್ಲೇಡಿನ ಮೊನಚು ಸ್ವಲ್ಪ ಕಮ್ಮಿಯಾಗಿದೆ. ಕೆಟ್ಟ ದಿನ ಮತ್ತೊಂದು ತರುತ್ತೇನೆ, ಸ್ಟೀಲ್ ಕೋಲು ಬಿಚ್ಚಲು ಬರುವಂಥದ್ದು, ಜಾರು ಗೀರು ಇಲ್ಲದ್ದು. ಅಂಗಡಿಯಲ್ಲಿ ಮೊದಲು ಕೇಳುವುದು ಮಾತ್ರ, ಬಿಡಿಭಾಗ ಇಲ್ಲೇ ಸಿಗುತ್ತಾ ಅಂತ.