ಟೋಕಿಯೊದ ವಾರ್ಡ್ ಆಫೀಸು: ಹಲವು ವರ್ಷ ಬಳಸಿದ ಮೇಲೆ

ಜಪಾನಿಗೆ ವಾಸಕ್ಕೆ ಬಂದವರು ವಿಳಾಸ, ವಿಮೆ, ಮಕ್ಕಳ ಭತ್ಯೆ, ತೆರಿಗೆಯ ಕೆಲಸಕ್ಕೆಲ್ಲ ಹೋಗಬೇಕಾದ ಸ್ಥಳೀಯ ಆಡಳಿತ ಕಚೇರಿ ಇದು. ಕೌಂಟರಿನ ಕೆಲಸಕ್ಕೆ ಐದಕ್ಕೆ ಐದು ಅಂಕ, ವಿಭಾಗಗಳ ನಡುವಿನ ಹೊಂದಾಣಿಕೆಗೆ ಎರಡು. ಏಜೆಂಟ್ ಬೇಡ, ಟೋಕನ್ ಸರದಿ ತಪ್ಪುವುದಿಲ್ಲ, ಭಾಷೆ ಬಾರದವರಿಗೆ ಬಹಳ ಕಡೆ ಫೋನಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ದುಭಾಷಿ ಸಿಗುತ್ತಾರೆ. ಆದರೆ ಪಕ್ಕದ ಕೌಂಟರಿನಲ್ಲೂ ನಿಮ್ಮ ಕೆಲಸವಿದೆ ಎಂದು ಸಿಬ್ಬಂದಿ ತಾವಾಗಿಯೇ ಕರೆದು ಹೇಳುತ್ತಾರೆಂದು ನಂಬಿ ಕೂರಬೇಡಿ.

ಮೊದಲು ವಿಳಾಸ ನೋಂದಣಿ, ಅಲ್ಲಿನ ಮಾತಿನಲ್ಲಿ ‘ತೆನ್‌ನ್ಯೂ ತೊದೊಕೆ’. ಗಡುವು 14 ದಿನ. ಎಣಿಕೆ ವಿಮಾನ ಇಳಿದ ದಿನದಿಂದಲ್ಲ, ಮನೆ ಸೇರಿದ ದಿನದಿಂದ. ತಡವಾದರೆ 2 ಲಕ್ಷ ಯೆನ್‌ವರೆಗೆ ದಂಡ ಹಾಕಲು ಅವಕಾಶವಿದೆ, 90 ದಿನ ದಾಟಿದರೆ ವಾಸದ ಪರವಾನಗಿಗೇ ಕುತ್ತು. ಮನೆಮಂದಿಯ ರೆಸಿಡೆನ್ಸ್ ಕಾರ್ಡ್ (ವಿದೇಶಿಯರ ವಾಸದ ಗುರುತಿನ ಚೀಟಿ), ಪಾಸ್‌ಪೋರ್ಟ್ ಎಲ್ಲ ಒಯ್ಯಿರಿ. ಸಂಸಾರ ಸಮೇತ ಬಂದವರು ಎಡವುವುದು ಇಲ್ಲೇ: ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಜೊತೆಗೆ ಅವುಗಳ ಜಪಾನಿ ಅನುವಾದ ಬೇಕು. ಅನುವಾದದ ಕೆಳಗೆ ಅನುವಾದಕರ ಹೆಸರಿರಲಿ. ಇಲ್ಲದಿದ್ದರೆ ‘ಜೂಮಿನ್‌ಹ್ಯೋ’ ಎಂಬ ವಾಸಪತ್ರದಲ್ಲಿ ಹೆಂಡತಿ ಹೆಂಡತಿಯೆಂದು ದಾಖಲಾಗುವುದಿಲ್ಲ. ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರುತ್ತದೆ. ಊರು, ಅಪ್ಪನ ಹೆಸರು ಎಲ್ಲ ಸೇರಿದ ನಮ್ಮ ಉದ್ದುದ್ದ ಹೆಸರುಗಳನ್ನು ಕತಕಾನಾದಲ್ಲಿ, ಅಂದರೆ ವಿದೇಶಿ ಹೆಸರು ಬರೆಯುವ ಜಪಾನಿ ಲಿಪಿಯಲ್ಲಿ, ಹೇಗೆ ಬರೆಯುವುದೆಂದು ಮೊದಲೇ ತೀರ್ಮಾನಿಸಿ, ಬ್ಯಾಂಕಿನಲ್ಲೂ ಅದನ್ನೇ ಕೊಡಿ. ಒಂದಕ್ಷರ ಆಚೀಚೆಯಾದರೂ ಸಂಬಳದ ಹಣ ಸಿಕ್ಕಿಕೊಳ್ಳಬಹುದು.

ಕಂಪನಿಯ ವಿಮೆ ಇಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ಅದೇ ದಿನ ರಾಷ್ಟ್ರೀಯ ಆರೋಗ್ಯ ವಿಮೆಯ ಕೌಂಟರಿಗೂ ಹೋಗಬೇಕು. ಆಸ್ಪತ್ರೆ ಖರ್ಚಿನಲ್ಲಿ ಸಾಮಾನ್ಯವಾಗಿ ಶೇ. 30 ನಿಮ್ಮದು. ತಡವಾಗಿ ಸೇರಿದರೆ ಕಂತು ಹಿಂದಿನ ದಿನಗಳಿಂದಲೇ ಬೀಳುತ್ತದೆ, ಆ ಅವಧಿಯ ಚಿಕಿತ್ಸೆಗೆ ಮಾತ್ರ ಹಣ ಸಿಗದು. ಆದಾಯವೇ ಇಲ್ಲದವರೂ ‘ಆದಾಯ ಸೊನ್ನೆ’ ಎಂದು ಬರೆದುಕೊಡಬೇಕು. ಕೊಡದಿದ್ದರೆ ಕಂತಿನ ರಿಯಾಯಿತಿ ಇಲ್ಲ. ಮುಂದೆ ಕೆಲಸ ಸಿಕ್ಕಿ ಕಂಪನಿಯ ವಿಮೆಗೆ ಸೇರಿದರೆ ಹಳೆಯದು ತಾನಾಗಿ ನಿಲ್ಲುತ್ತದೆಂದು ಭಾವಿಸುವವರೇ ಹೆಚ್ಚು. ನಿಲ್ಲುವುದಿಲ್ಲ. 14 ದಿನದೊಳಗೆ ನೀವೇ ರದ್ದು ಮಾಡಿಸದಿದ್ದರೆ ಎರಡೂ ಕಡೆಯ ಬಿಲ್ಲು ಬರುತ್ತಿರುತ್ತದೆ.

ಮಕ್ಕಳ ಭತ್ಯೆಗೆ ಬೇರೆಯೇ ಅರ್ಜಿ. 2024ರ ಅಕ್ಟೋಬರ್‌ನಿಂದ ಆದಾಯ ಮಿತಿ ಇಲ್ಲ: 3 ವರ್ಷದೊಳಗಿನ ಮಗುವಿಗೆ ತಿಂಗಳಿಗೆ 15,000 ಯೆನ್, ಆಮೇಲೆ ಹೈಸ್ಕೂಲು ವಯಸ್ಸಿನವರೆಗೆ 10,000, ಮೂರನೆಯ ಮಗುವಿನಿಂದ 30,000. ವಾರ್ಡಿಗೆ ಬಂದ 15 ದಿನದೊಳಗೆ ಅರ್ಜಿ ಹಾಕಿ, ತಡವಾದ ತಿಂಗಳ ಹಣ ಹೋದಂತೆಯೇ. ಟೋಕಿಯೊದ 23 ವಾರ್ಡುಗಳಲ್ಲಿ ಹೈಸ್ಕೂಲು ವಯಸ್ಸಿನವರೆಗೆ ಮಕ್ಕಳಿಗೆ ವಿಮೆಯಡಿ ಬರುವ ಚಿಕಿತ್ಸೆ ಉಚಿತ. ಅದರ ಕಾರ್ಡಿಗೆ ವಿಮೆಯ ಪುರಾವೆ ಬೇಕು. ಕಂಪನಿಯಿಂದ ಅದು ಬರುವವರೆಗಿನ ಆಸ್ಪತ್ರೆ ರಸೀದಿಗಳನ್ನು ಎಸೆಯಬೇಡಿ, ಆಮೇಲೆ ಹಣ ವಾಪಸ್ ಕೇಳಲು ಬೇಕಾಗುತ್ತವೆ.

ಮೈ ನಂಬರ್ ಕಾರ್ಡು (ಪ್ರತಿ ನಿವಾಸಿಗೂ ಕೊಡುವ ಸಂಖ್ಯೆಯ ಗುರುತಿನ ಚೀಟಿ) ಮಾಡಿಸಿ. ಹಲವು ವಾರ್ಡುಗಳ ಜೂಮಿನ್‌ಹ್ಯೋ ಬೆಳಗ್ಗೆ 6:30ರಿಂದ ರಾತ್ರಿ 11ರವರೆಗೆ ಬೀದಿ ಮೂಲೆಯ ಕನ್ವೀನಿಯನ್ಸ್ ಸ್ಟೋರಿನಲ್ಲೇ ಸಿಗುತ್ತದೆ. ನಾಲ್ಕಂಕಿಯ ಪಿನ್ ಮೂರು ಸಲ ತಪ್ಪಿದರೆ ಲಾಕ್. ಇದಕ್ಕಿಂತ ದೊಡ್ಡ ಕಿರಿಕಿರಿ, ಈ ಕಾರ್ಡಿನ ಅವಧಿ ವೀಸಾ ಅವಧಿಗೆ ಕಟ್ಟುಬಿದ್ದಿರುವುದು. ವೀಸಾ ವಿಸ್ತರಣೆಯಾದರೂ ಕಾರ್ಡಿನ ದಿನಾಂಕ ತಾನಾಗಿ ಮುಂದಕ್ಕೆ ಹೋಗದು. ಹಳೆಯ ದಿನಾಂಕ ಮುಗಿಯುವ ಮೊದಲೇ ವಾರ್ಡ್ ಆಫೀಸಿಗೆ ಒಯ್ದು ಬದಲಿಸಿಕೊಳ್ಳದಿದ್ದರೆ ಕಾರ್ಡು ಸತ್ತಂತೆ.

ಸೋಮವಾರ, ರಜೆಯ ಮರುದಿನ, ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಜನ ಹೆಚ್ಚು, ಆಗ ಹೋಗದಿದ್ದರೆ ಒಳ್ಳೆಯದು.

ನಿವಾಸ ತೆರಿಗೆ ಜನವರಿ 1ರಂದು ಎಲ್ಲಿದ್ದಿರೋ ಅಲ್ಲಿ, ಹಿಂದಿನ ವರ್ಷದ ಆದಾಯದ ಮೇಲೆ, ಸುಮಾರು ಶೇ. 10. ಮೊದಲ ವರ್ಷ ಏನೂ ಬಾರದೆ ನಂತರದ ಜೂನ್‌ನಲ್ಲಿ ಸಂಬಳ ಕುಗ್ಗಿದಾಗ ಬಹಳ ಜನ ಕಂಪನಿಯ ತಪ್ಪೆಂದುಕೊಳ್ಳುತ್ತಾರೆ. ಊರಿಗೆ ವಾಪಸಾಗುವವರಿಗೂ ಈ ಬಾಕಿ ಬಿಡದು: ಹೊರಡುವ ಮೊದಲು ವಿಳಾಸ ರದ್ದು ಮಾಡಿಸಿ, ತೆರಿಗೆಯನ್ನು ಒಟ್ಟಿಗೆ ಕಟ್ಟಿ, ಇಲ್ಲವೇ ಜಪಾನಿನಲ್ಲಿರುವ ಒಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ನೋಂದಾಯಿಸಿ.